‘ಫಾಗ್’ ಅಂದ

ತಂಗೀ, ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ಸಲಿಗೆಯಿಂದಲೇ ಬರೀತೀನಿ. ಡೌನ್ ಸಿಂಡ್ರೋಮ್ ಇರೋ 17 ವರ್ಷದ ಮಗನ ಜೊತೆ ಇಂಗ್ಲೆಂಡಿಗೆ ಬಂದಿದ್ದೀನಿ, ಮನೆ ಎಲ್ಲಿ ಹಿಡಿಯಲಿ, ಕಾಲೇಜು ಹೇಗೆ, ವಯಸ್ಸಾದ ಮೇಲೆ ಅವನ ಗತಿಯೇನು ಅಂತ ಕೇಳಿದ್ದೀಯ. 1994ರಲ್ಲಿ ನಾನು 11 ವರ್ಷದ ಮಗನ ಕೈ ಹಿಡಿದು ಇಲ್ಲಿ ಇಳಿದಾಗ ಈ ಮೂರನೇ ಪ್ರಶ್ನೆ ಹೊಳೆದೇ ಇರಲಿಲ್ಲ. ಇಂಥ ಮಕ್ಕಳು ಹೆಚ್ಚು ದಿನ ಬಾಳಲ್ಲ ಅಂತ ದೊಡ್ಡವರು ಹೇಳಿದ್ದನ್ನೇ ನಂಬಿದ್ದೆ. ಈಗ ಅವನ ಗಡ್ಡ ನರೆತಿದೆ.

ಮನೆ ಬಸ್‌ಸ್ಟಾಪಿಗೆ ಹತ್ತಿರ ಇರಲಿ. ಕಾಲೇಜಿನ ವಿಷಯ ಊರಿನ ಆಡಳಿತ ನೋಡೋ ಕೌನ್ಸಿಲ್‌ನಲ್ಲಿ ಕೇಳು. ಆದರೆ ಈ ವಾರವೇ ಜಿಪಿ, ಅಂದರೆ ನಿಮ್ಮ ಮನೆ ಡಾಕ್ಟರ ಹತ್ತಿರ ಹೋಗಿ ‘ಲರ್ನಿಂಗ್ ಡಿಸೆಬಿಲಿಟಿ ರಿಜಿಸ್ಟರ್’ನಲ್ಲಿ, ಅಂದರೆ ಕಲಿಯೋದು, ಅರ್ಥಮಾಡಿಕೊಳ್ಳೋದು ಕಷ್ಟ ಇರೋರ ಪಟ್ಟಿಯಲ್ಲಿ, ಅವನ ಹೆಸರು ಬರೆಸು. ಅದರಲ್ಲಿರೋ 14 ತುಂಬಿದವರಿಗೆಲ್ಲ ವರ್ಷಕ್ಕೊಮ್ಮೆ ತಪಾಸಣೆ, ದುಡ್ಡಿಲ್ಲ. ಹೆಚ್ಚು ಸಮಯ ಬೇಕು ಅಂತ ಕೇಳೋಕೆ ಸಂಕೋಚ ಬೇಡ. ಅದು ಉಪಕಾರ ಅಲ್ಲ, 2010ರ ಈಕ್ವಾಲಿಟಿ ಆಕ್ಟ್ ಅನ್ನೋ ಸಮಾನತೆ ಕಾನೂನು ಕೊಟ್ಟ ಹಕ್ಕು.

ನನ್ನ ಮಗನಿಗೆ 36 ಆದಾಗ ಮೆಟ್ಟಿಲಿನ ಅಂಚಿಗೆ ಬಂದು ನಿಂತುಬಿಡೋಕೆ ಶುರು ಮಾಡಿದ. ಒಂದು ಕಾಲು ಕೆಳಗೆ ಬಿಟ್ಟು ತಡಕಾಡೋನು. ಲೋಟಕ್ಕೆ ನೀರು ಬಗ್ಗಿಸಿದರೆ ಅರ್ಧ ಟೇಬಲ್ ಮೇಲೆ. ಮರೆವಿನ ಕಾಯಿಲೆ ಶುರುವಾಗಿರಬೇಕು ಅಂದರು ಡಾಕ್ಟರು. ಆ ಭಯ ಸುಳ್ಳಲ್ಲ. ಮರೆವಿನ ಕಾಯಿಲೆಯಾದ ಆಲ್‌ಝೈಮರ್‌ಗೆ ಸಂಬಂಧಪಟ್ಟ ಒಂದು ಜೀನ್ ಇರೋದೇ 21ನೇ ಕ್ರೋಮೋಸೋಮಿನಲ್ಲಿ, ಡೌನ್ ಸಿಂಡ್ರೋಮ್ ಅಂದರೆ ಹುಟ್ಟಿನಿಂದಲೇ ಆ ಕ್ರೋಮೋಸೋಮ್ ಎರಡರ ಬದಲು ಮೂರು ಇರೋದು, ಹಾಗಾಗಿ ನಮ್ಮ ಮಕ್ಕಳಲ್ಲಿ ಆ ಜೀನೂ ಮೂರು. ಆದರೆ ಕಣ್ಣಿನ ಪೊರೆ, ಕಿವಿ ಮಂದ, ಥೈರಾಯ್ಡ್ ಕೂಡ ಇವರಿಗೆ ಬೇಗ ಬರುತ್ತವೆ, ಮೇಲ್ನೋಟಕ್ಕೆ ಮರೆವಿನ ಹಾಗೇ ಕಾಣುತ್ತವೆ. ಅದನ್ನು ಯಾರೂ ನೋಡಲಿಲ್ಲ, ನಾನೂ ಕೇಳಲಿಲ್ಲ. ಡಾಕ್ಟರಿಗೆ ಎದುರು ಮಾತಾಡಿ ನಮಗೆಲ್ಲಿ ಅಭ್ಯಾಸ, ನಿನಗೆ ಗೊತ್ತಲ್ಲ.

ಎರಡು ವರ್ಷ ಹಾಗೇ ಹೋಯ್ತು. ಆಮೇಲೆ ಸಿಕ್ಕ ಒಬ್ಬ ನರ್ಸ್ ನಾನು ಬಾಯಿ ತೆರೆದಾಗ ಕೈ ಸನ್ನೆಯಲ್ಲೇ ತಡೆದು, ಅವನ ಎದುರು ಕುಕ್ಕರಗಾಲಲ್ಲಿ ಕೂತು ಅವನನ್ನೇ ಕೇಳಿದಳು. ಉತ್ತರ ಬರೋವರೆಗೂ ಕಾದಳು. ‘ಫಾಗ್’ ಅಂದ. ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ಅವನು ನನಗೂ ಹೇಳಿದ್ದ. ಎಷ್ಟೋ ಬೆಳಗ್ಗೆ ಕಿಟಕಿ ಹತ್ತಿರ ನಿಂತು ‘ಅಮ್ಮಾ, ಮಂಜು’ ಅಂದಿದ್ದ. ನಾನು ಹೊರಗೆ ನೋಡಿ, ‘ಇವತ್ತು ಬಿಸಿಲಿದೆಯಲ್ಲೋ’ ಅಂತ ಒಲೆ ಕಡೆ ತಿರುಗಿದ್ದೆ. ಇದೊಂದನ್ನು ನೆನೆದರೆ ಇವತ್ತಿಗೂ ನಿದ್ದೆ ಬರಲ್ಲ.

ನಿನ್ನ ಮಗ ಮೆಟ್ಟಿಲು ಹತ್ತೋದು, ಗುಂಡಿ ಹಾಕಿಕೊಳ್ಳೋದು, ಮಾತಾಡೋದು ಎಲ್ಲ ಈಗಲೇ ವಿಡಿಯೋ ಮಾಡಿಡು, ಆಗಾಗ ಹೊಸದು ಸೇರಿಸು. ಮುಂದೆ ಏನು ಬದಲಾಯ್ತು ಅಂತ ತೋರಿಸೋಕೆ ಅದೇ ಸಾಕ್ಷಿ. 16 ದಾಟಿದ್ದಾನೆ. ತನ್ನ ವಿಷಯ ತಾನೇ ನಿರ್ಧರಿಸಬಲ್ಲ ಅಂತಲೇ ಇಲ್ಲಿನ ಕಾನೂನು ಮೊದಲು ಎಣಿಸುತ್ತೆ. ಗುಂಡಿ ಹಾಕೋಕೂ ನೀನೇ ಓಡಬೇಡ, ನಾನು ಅದನ್ನೂ ಮಾಡಿದೆ.

ಬರೋ ತಿಂಗಳು ನನ್ನ ಮಗನ ತಪಾಸಣೆ ಇದೆ. ನಿನಗೆ ಬೇಡ ಅನ್ನಿಸದಿದ್ದರೆ ಜೊತೆಗೆ ಬಾ, ಅವನನ್ನೂ ಕೇಳಿದ್ದೀನಿ, ಬರಲಿ ಅಂದಿದ್ದಾನೆ. ನಾವಿಬ್ಬರೂ ಹಿಂದಿನ ಕುರ್ಚಿಯಲ್ಲಿ ಕೂರೋಣ.