ಹೋಗುವಾಗಿನ ಹೊಲಿಗೆ, ಬರುವಾಗಿನ ಹೊಲಿಗೆ

ಪ್ರಶ್ನೆ: ಅಕ್ಕಾವರಿಗೆ ನಮಸ್ಕಾರ. ನನಗೆ ಮೂವತ್ತೆರಡು ವರ್ಷ. ಒಂದು ಸಹಕಾರಿ ಬ್ಯಾಂಕಿನ ನಗದು ಕೌಂಟರಿನಲ್ಲಿ ಕೆಲಸ. ಚಿಕ್ಕಂದಿನಿಂದಲೂ ನಾನು ನಿಧಾನ. ಊಟ, ಸ್ನಾನ, ರೊಟ್ಟಿ ಬಡಿಯುವುದು, ಮಾತಿಗೆ ಮಾತು ಕೊಡುವುದು, ಎಲ್ಲವೂ. ತವರಿನಲ್ಲಿ ‘ಎಮ್ಮೆ’ ಎಂದು ಕರೆಯುತ್ತಿದ್ದರು. ಅತ್ತೆಯವರು ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ನನ್ನ ಮುಂದಿನ ಹಿಟ್ಟಿನ ಪರಾತವನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಬ್ಯಾಂಕಿನಲ್ಲಿ ಯಂತ್ರ ಎಣಿಸಿದ ನೋಟನ್ನು ನಾನು ಕೈಯಿಂದ ಮತ್ತೆ ಎರಡು ಸಲ ಎಣಿಸುತ್ತೇನೆ. ಐದು ವರ್ಷದಲ್ಲಿ ಒಂದು ಸಂಜೆಯೂ ಲೆಕ್ಕ ತಪ್ಪಿಲ್ಲ. ಆದರೆ ಸಾಲು ಬೆಳೆಯುತ್ತದೆ, ಜನ ಗೊಣಗುತ್ತಾರೆ. ಕಳೆದ ವಾರ ನನ್ನ ಆರು ವರ್ಷದ ಮಗ ಬೂಟಿನ ಲೇಸು ಕಟ್ಟುತ್ತ ಕುಳಿತಿದ್ದ. ಹೊರಗೆ ಶಾಲೆಯ ವ್ಯಾನು ಹಾರ್ನ್ ಹೊಡೆಯುತ್ತಿತ್ತು. ‘ಏಳೋ ಎಮ್ಮೆ’ ಎಂದು ನನ್ನ ಬಾಯಿಂದಲೇ ಬಂತು. ಅವನೂ ನನ್ನಂತೆಯೇ. ನಾವಿಬ್ಬರೂ ಬದಲಾಗುವ ದಾರಿ ಇದೆಯೇ?
(ಹೆಸರು ಬೇಡ, ಗದಗ ಜಿಲ್ಲೆ)

ಉತ್ತರ: ತಂಗಿ, ನಿಮ್ಮ ಪತ್ರವನ್ನು ಮೂರು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಮಗನ ವಿಷಯಕ್ಕೆ ಉತ್ತರ ಬರೆಯುವುದು ನನಗೆ ಸುಲಭವಾಗಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಮಾತು. ಹುಟ್ಟಿನಿಂದ ಬಂದ ನಿಧಾನ ಬೇರೆ, ನಡುವೆ ಬಂದು ಸೇರಿದ್ದು ಬೇರೆ. ಈಚಿನ ಒಂದೆರಡು ವರ್ಷಗಳಲ್ಲಿ ಅದು ಹೆಚ್ಚಿದ್ದರೆ, ಜೊತೆಗೆ ದಣಿವು, ಚಳಿ ತಡೆಯಲಾಗದಿರುವುದು, ಕೂದಲು ಉದುರುವುದು ಇದ್ದರೆ, ವೈದ್ಯರನ್ನು ಕಂಡು ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹಾಗೇನೂ ಇಲ್ಲವಾದರೆ ಇದು ನಿಮ್ಮ ಸ್ವಭಾವ. ಅದನ್ನು ಕಿತ್ತು ಬೇರೆಯದನ್ನು ನೆಡಲು ಬರುವುದಿಲ್ಲ.

ನನಗೆ ಕಸೂತಿ ಕಲಿಸಿದವರು ಧಾರವಾಡದ ನನ್ನ ಸೋದರತ್ತೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ. ಇಳಕಲ್ ಸೀರೆಯ ಸೆರಗಿನ ಎಳೆ ಎಣಿಸುತ್ತ ಎಣಿಸುತ್ತ ಸೂಜಿ ಹಾಕಬೇಕು. ಗಾವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಕೊನೆ ಮುಟ್ಟಿದ ಸೂಜಿ ಅದೇ ದಾರಿಯಲ್ಲಿ ಹಿಂದಿರುಗಿ, ಬಿಟ್ಟ ಜಾಗವನ್ನೆಲ್ಲ ತುಂಬುತ್ತ ಬರುತ್ತದೆ. ಗಂಟು ಹಾಕುವಂತಿಲ್ಲ. ಗೋಪುರವಾಗಲಿ, ತೇರಾಗಲಿ, ತುಳಸಿಕಟ್ಟೆಯಾಗಲಿ, ಸೆರಗನ್ನು ಮಗುಚಿದರೂ ಹಾಗೆಯೇ ಕಾಣಬೇಕು. ಹೋಗುವಾಗ ಒಂದೇ ಒಂದು ಎಳೆಯ ಲೆಕ್ಕ ತಪ್ಪಿತೋ, ಬರುವಾಗ ಗೆರೆ ಕೂಡುವುದಿಲ್ಲ, ಬಿಚ್ಚಬೇಕು.

ನಾನು ಚುರುಕಿನ ಹುಡುಗಿ. ವಾರಕ್ಕೆ ಮೂರು ಸಲ ಬಿಚ್ಚುತ್ತಿದ್ದೆ. ನನ್ನ ಜೊತೆ ಕಲಿಯುತ್ತಿದ್ದ ಪಕ್ಕದ ಮನೆಯ ಹುಡುಗಿ ನಿಮ್ಮ ಹಾಗೆ ನಿಧಾನ. ಅವಳು ಬಿಚ್ಚಿದ್ದನ್ನು ನೋಡಿದ ನೆನಪಿಲ್ಲ. ಆದರೆ ಅರ್ಧದಲ್ಲಿ ಬಂದು ಇಣುಕಿದವರಿಗೆ ಅವಳ ಬಟ್ಟೆಯಲ್ಲಿ ಕಾಣುತ್ತಿದ್ದುದು ತುಂಡು ತುಂಡು ಗೆರೆಗಳೇ. ನಿಮ್ಮ ಅತ್ತೆಯವರು ಪರಾತ ಎಳೆದುಕೊಳ್ಳುವುದು ಸರಿಯಾಗಿ ಆ ಹೊತ್ತಿನಲ್ಲಿ. ಒಂದು ದಿನ ಅವರ ಪಕ್ಕದಲ್ಲಿ ಕುಳಿತು, ‘ಅತ್ತೆ, ನಾಳೆಯಿಂದ ಅರ್ಧ ಗಂಟೆ ಮುಂಚೆ ಒಲೆ ಹಚ್ಚುತ್ತೇನೆ, ಹತ್ತು ರೊಟ್ಟಿ ನನಗೆ ಬಿಡಿ’ ಎಂದು ಕೇಳಿ. ಅತ್ತು ಕೇಳಬೇಡಿ, ಮುನಿದೂ ಕೇಳಬೇಡಿ.

ಬ್ಯಾಂಕಿನ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಪರ ನಿಲ್ಲಲಾರೆ. ಸಾಲಿನಲ್ಲಿ ನಿಂತ ಮುದುಕನಿಗೆ ಊರಿನ ಬಸ್ ತಪ್ಪಿದರೆ ಸಂಜೆಯವರೆಗೆ ಇನ್ನೊಂದು ಸಿಗದಿರಬಹುದು. ಅವನ ಆತುರವೂ ನಿಜವೇ. ಯಂತ್ರ ಎಣಿಸಿದ ಮೇಲೆ ನೀವು ಒಮ್ಮೆ ಎಣಿಸುವುದು ನಿಮ್ಮ ಸ್ವಭಾವ, ಇರಲಿ. ಎರಡನೆಯ ಸಲ ಎಣಿಸುವುದು ಭಯ. ಬೈಸಿಕೊಂಡ ಮಗು, ಸರಿಯಾಗಿಯೇ ಬರೆದ ಉತ್ತರವನ್ನು ಅಳಿಸಿ ಮತ್ತೆ ಅದನ್ನೇ ಬರೆಯುವುದನ್ನು ತರಗತಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಆ ಎರಡನೆಯ ಎಣಿಕೆಯನ್ನು ಬಿಟ್ಟುಬಿಡಿ. ಮೊದಲ ವಾರ ಎದೆ ಹೊಡೆದುಕೊಳ್ಳಬಹುದು, ಪರವಾಗಿಲ್ಲ. ಆಮೇಲೆ ವ್ಯವಸ್ಥಾಪಕರ ಮುಂದೆ ನಿಮ್ಮ ಐದು ವರ್ಷದ ತಾಳೆ ಲೆಕ್ಕವನ್ನೇ ಇಟ್ಟು, ಸಾಲದ ಕಡತಗಳ ಕೆಲಸ ಕೊಡಿ ಎಂದು ಕೇಳಿ. ಹೊಲದ ಉತಾರ, ಜಾಮೀನುದಾರರ ಸಹಿ, ದಿನಾಂಕ, ಒಂದೊಂದನ್ನೂ ನಿಂತು ಓದುವ ಕಣ್ಣು ಅಲ್ಲಿ ಬೇಕು.

ಇನ್ನು ಮಗ. ನ್ಯೂಯಾರ್ಕಿನಲ್ಲಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯ ದಂಪತಿ 1956ರಲ್ಲಿ ಶುರುಮಾಡಿ, ನೂರಕ್ಕೂ ಹೆಚ್ಚು ಮಕ್ಕಳನ್ನು ಹಸುಗೂಸಿನಿಂದ ದೊಡ್ಡವರಾಗುವವರೆಗೆ ಗಮನಿಸಿದರು. ಹೊಸದಕ್ಕೆ ನಿಧಾನವಾಗಿ ಒಗ್ಗುವ ಮಕ್ಕಳು ನೂರಕ್ಕೆ ಸುಮಾರು 15 ಇದ್ದರು. ಮಗುವಿನ ಸ್ವಭಾವಕ್ಕೂ ಮನೆ, ಶಾಲೆ ಅದರಿಂದ ಬಯಸುವುದಕ್ಕೂ ಹೊಂದಿಕೆ ತಪ್ಪಿದಾಗ ತೊಂದರೆ ಹುಟ್ಟುತ್ತದೆ ಎಂಬುದು ಅವರು ಕಂಡುಕೊಂಡದ್ದು. ಇದನ್ನು ನಾನು ಓದುವ ಹೊತ್ತಿಗೆ ಹತ್ತು ವರ್ಷ ಪಾಠ ಮಾಡಿಯಾಗಿತ್ತು.

ಆ ಹತ್ತು ವರ್ಷದೊಳಗೆ ನನ್ನ ಆರನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಐದು ಲೆಕ್ಕ ಕೊಟ್ಟರೆ ಮೂರು ಮಾಡುತ್ತಿದ್ದ. ಆ ಮೂರರಲ್ಲಿ ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ. ನಾನು ಕೈಗಡಿಯಾರ ಬಿಚ್ಚಿ ಅವನ ಪಾಟಿಯ ಪಕ್ಕದಲ್ಲಿ ಇಡುತ್ತಿದ್ದೆ. ಒಂದು ದಿನ ತರಗತಿಯ ಎದುರು, ‘ನೀನು ಮುಗಿಸುವಷ್ಟರಲ್ಲಿ ನನಗೆ ನಿವೃತ್ತಿಯಾಗುತ್ತದೆ’ ಎಂದೆ. ಮಕ್ಕಳೆಲ್ಲ ನಕ್ಕರು. ಮರುದಿನದಿಂದ ಅವನು ಐದೂ ಲೆಕ್ಕ ಮಾಡತೊಡಗಿದ, ಐದೂ ತಪ್ಪು. ವರ್ಷದ ಕೊನೆಗೆ ಅವರ ಮನೆಯವರು ಊರು ಬಿಟ್ಟರು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವನು ನನಗೆ ಮತ್ತೆ ಸಿಗಲಿಲ್ಲ.

ನಿಮ್ಮ ಮಗ ಪಕ್ಕದ ಕೋಣೆಯಲ್ಲಿಯೇ ಇದ್ದಾನೆ. ‘ನಾನು ಹಾಗೆ ಅನ್ನಬಾರದಾಗಿತ್ತು, ನನಗೂ ಹಾಗೆ ಅನ್ನುತ್ತಿದ್ದರು, ನೋವಾಗುತ್ತಿತ್ತು’ ಎಂದು ಇವತ್ತು ರಾತ್ರಿಯೇ ಹೇಳಿ. ಆರು ವರ್ಷದವನಿಗೆ ಅದು ಅರ್ಥವಾಗುತ್ತದೆ. ಸಮವಸ್ತ್ರ, ಪುಸ್ತಕದ ಚೀಲ ಮಲಗುವ ಮುಂಚೆಯೇ ಸಿದ್ಧವಿರಲಿ. ಬೆಳಿಗ್ಗೆ ವ್ಯಾನು ಬರುವುದಕ್ಕೆ ಅರ್ಧ ಗಂಟೆ ಇರುವಾಗಲೇ ಬೂಟನ್ನು ಅವನ ಮುಂದಿಟ್ಟು ನೀವೂ ಹೊಸ್ತಿಲ ಬಳಿ ಕುಳಿತುಕೊಳ್ಳಿ. ಕೈ ಚಾಚಬೇಡಿ. ಲೇಸು ಅವನೇ ಕಟ್ಟಲಿ, ಎರಡೂ ಕಾಲಿಗೆ.