ಕಾನೂನು ಕೇಳಿ: 'ಬಿಟ್ರೆ ಓಡಿಹೋಗ್ತಾನೆ' ಅಂದ್ರೆ ಸಾಕಾ?

ಪ್ರಶ್ನೆ: ಮೇಡಂ, ನಮ್ಮಣ್ಣ ದುಬೈನಲ್ಲಿ ಅಕೌಂಟೆಂಟ್. ಇಲ್ಲಿನ ಹಳೇ ಪಾರ್ಟ್ನರ್ ಒಬ್ರು ಚೀಟಿಂಗ್ ಕೇಸ್ ಹಾಕಿದ್ರು. ಪೊಲೀಸರ ನೋಟಿಸ್ ಬಂದ ಕೂಡ್ಲೇ ತಾನಾಗೇ ಟಿಕೆಟ್ ಮಾಡಿ ಬಂದ, ಎರಡು ಸಲ ಸ್ಟೇಷನ್‌ಗೆ ಹೋಗಿ ಹೇಳಿಕೆನೂ ಕೊಟ್ಟ, ಮೂರನೇ ಸಲ ಕರೆಸಿ ಅರೆಸ್ಟ್ ಮಾಡಿದ್ರು. ಈಗ ಜಾಮೀನು ಅರ್ಜಿಗೆ ಸರ್ಕಾರಿ ವಕೀಲರು 'ದುಬೈ ವೀಸಾ ಇದೆ, ಬಿಟ್ರೆ ಓಡಿಹೋಗ್ತಾನೆ' ಅಂತ ತಕರಾರು ಹಾಕಿದ್ದಾರೆ. ಅಮ್ಮ ಊಟ ಬಿಟ್ಟು ಕೂತಿದ್ದಾರೆ.
- ಹೆಸರು ಬೇಡ, ಮಂಗಳೂರು

ಉತ್ತರ: ಓಡಿಹೋಗೋ ಮನಸ್ಸಿದ್ದಿದ್ರೆ ಅವರು ನೋಟಿಸ್ ನೋಡಿ ದುಬೈನಲ್ಲೇ ಕೂತಿರ್ತಿದ್ರು, ಟಿಕೆಟ್ ದುಡ್ಡು ಖರ್ಚು ಮಾಡ್ಕೊಂಡು ಬರ್ತಾನೇ ಇರ್ಲಿಲ್ಲ. ನಿಮ್ಮ ವಾದ ಇಲ್ಲಿಂದ್ಲೇ ಶುರುವಾಗ್ಬೇಕು, ಆದ್ರೆ ಬರೀ ಬಾಯಲ್ಲಿ ಹೇಳಿದ್ರೆ ನಡೆಯಲ್ಲ, ಪೇಪರ್ ಬೇಕು. ನೋಟಿಸ್ ಕಾಪಿ, ಅದು ಬಂದ ತಾರೀಖು, ಟಿಕೆಟ್, ಪಾಸ್‌ಪೋರ್ಟ್‌ನಲ್ಲಿರೋ ಇಮಿಗ್ರೇಷನ್ ಸೀಲ್, ಸ್ಟೇಷನ್‌ಗೆ ಹೋದ ದಿನಗಳ ದಾಖಲೆ, ತನಿಖಾಧಿಕಾರಿ ಜೊತೆ ಆಡಿದ ವಾಟ್ಸಾಪ್ ಮೆಸೇಜ್ ಇದ್ರೆ ಅದೂ ಇರ್ಲಿ.

ಜಾಮೀನು ವಿಚಾರದಲ್ಲಿ ಕೋರ್ಟ್ ಮುಖ್ಯವಾಗಿ ಮೂರು ನೋಡುತ್ತೆ: ತಲೆ ಮರೆಸ್ಕೊಳ್ತಾರಾ, ಸಾಕ್ಷ್ಯ ಹಾಳು ಮಾಡ್ತಾರಾ, ಸಾಕ್ಷಿಗಳ ಮೇಲೆ ಒತ್ತಡ ಹಾಕ್ತಾರಾ. ಇದು ಚೆನ್ನಾಗಿ ಚರ್ಚೆ ಆಗಿದ್ದು 2019ರಲ್ಲಿ, ಕೇಂದ್ರದ ಮಾಜಿ ಹಣಕಾಸು ಸಚಿವ ಪಿ. ಚಿದಂಬರಂ ಅವರ ಐಎನ್‌ಎಕ್ಸ್ ಮೀಡಿಯಾ ಕೇಸಲ್ಲಿ. ಆರ್ಥಿಕ ಅಪರಾಧದ ಆರೋಪಿಗಳು ದೇಶ ಬಿಟ್ಟು ಹೋಗೋದು ಈಗ ದೇಶದಲ್ಲೆಲ್ಲಾ ಕಾಣ್ತಿರೋ ವಿದ್ಯಮಾನ ಅಂತ ಸಾಲಿಸಿಟರ್ ಜನರಲ್ ವಾದ ಮಾಡಿದ್ರು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಬೇರೆ ಯಾರೋ ಓಡಿಹೋದ್ರು ಅನ್ನೋದನ್ನ ಇವರ ತಲೆಗೆ ಕಟ್ಟೋಕಾಗಲ್ಲ, ಈ ಮನುಷ್ಯ ಏನು ಮಾಡಿದ್ದಾನೆ ಅಂತ ನೋಡ್ಬೇಕು, ಪಾಸ್‌ಪೋರ್ಟ್ ಒಪ್ಪಿಸಿದ್ದಾರೆ, ಲುಕ್‌ಔಟ್ ನೋಟಿಸ್ (ದೇಶ ಬಿಡೋ ಕಡೆ ಕಣ್ಣಿಡಿ ಅನ್ನೋ ಸೂಚನೆ) ಇದೆ, ಹೋಗ್ತಾರಾದ್ರೂ ಎಲ್ಲಿಗೆ ಅನ್ನೋ ಧಾಟಿಯಲ್ಲಿ ಅಕ್ಟೋಬರ್ 22ಕ್ಕೆ ಜಾಮೀನು ಕೊಡ್ತು. (ಆ ಪೀಠದಲ್ಲಿ ನಮ್ಮ ಕೊಡಗಿನ ಎ.ಎಸ್. ಬೋಪಣ್ಣನವರೂ ಇದ್ರು.) ನಿಮ್ಮ ವಕೀಲರಿಗೆ ಈ ತೀರ್ಪು ಗೊತ್ತೇ ಇರುತ್ತೆ, ಆದ್ರೂ ನೆನಪು ಮಾಡಿ.

ಇನ್ನೊಂದು, ಚೀಟಿಂಗ್‌ಗೆ ಗರಿಷ್ಠ ಶಿಕ್ಷೆ ಏಳು ವರ್ಷ. ಏಳು ವರ್ಷದವರೆಗಿನ ಕೇಸ್‌ಗಳಲ್ಲಿ ಕಣ್ಣು ಮುಚ್ಕೊಂಡು ಅರೆಸ್ಟ್ ಮಾಡ್ಬೇಡಿ ಅಂತ ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ಕೇಸಲ್ಲೇ ಹೇಳಿದೆ. ನೋಟಿಸ್‌ಗೆ ಸರಿಯಾಗಿ ಹಾಜರಾದವರನ್ನ ಹಿಡಿಬೇಕಾದ್ರೆ ಪೊಲೀಸರು ಕಾರಣ ಬರೆದಿಡ್ಬೇಕು, ಹೊಸ ಬಿಎನ್‌ಎಸ್‌ಎಸ್ (ಅರೆಸ್ಟ್, ತನಿಖೆ, ವಿಚಾರಣೆ ಹೇಗೆ ನಡಿಬೇಕು ಅನ್ನೋ ಕಾನೂನು) 35ನೇ ಕಲಮೂ ಅದನ್ನೇ ಹೇಳೋದು. ಏನು ಕಾರಣ ಬರೆದಿದ್ದಾರೆ ಅಂತ ರಿಮ್ಯಾಂಡ್ ಅರ್ಜಿ (ಆರೋಪಿನ ಕಸ್ಟಡಿಲಿಡಿ ಅಂತ ಪೊಲೀಸರು ಕೋರ್ಟಿಗೆ ಹಾಕೋದು) ತೆಗೆಸಿ ಓದಿ. ಅದ್ರಲ್ಲಿ ಓಡಿಹೋಗೋ ಮಾತೇ ಇಲ್ದೆ ಈಗ ತಕರಾರಿನಲ್ಲಿ ಮಾತ್ರ ಬಂದಿದ್ರೆ ಅದನ್ನ ಎತ್ತಿ ತೋರಿಸ್ಬೇಕು. ಚಿದಂಬರಂ ಕೇಸಲ್ಲಿ ಸಾಕ್ಷಿಗಳ ಮೇಲೆ ಪ್ರಭಾವ ಬೀರ್ತಾರೆ ಅನ್ನೋ ಆರೋಪ ಕೋರ್ಟಲ್ಲಿ ನಿಲ್ಲದೆ ಹೋಗಿದ್ದೂ ಹೀಗೇ, ಅದುವರೆಗಿನ ರಿಮ್ಯಾಂಡ್ ಅರ್ಜಿಗಳಲ್ಲಿ ಅದರ ಸುದ್ದಿನೇ ಇರ್ಲಿಲ್ಲ.

ಹಾಗಂತ ದುಬೈ ವೀಸಾ ದೊಡ್ಡ ವಿಷಯ ಅಲ್ಲ ಅಂತ ನಾನು ಹೇಳಲ್ಲ. ಕೆಲಸ, ಮನೆ, ಬ್ಯಾಂಕ್ ಅಕೌಂಟ್ ಎಲ್ಲಾ ಹೊರಗಡೆ ಇರೋರ ಬಗ್ಗೆ ಜಡ್ಜ್‌ಗೆ ಅನುಮಾನ ಬರೋದು ಸಹಜನೇ. ಅದನ್ನ ಮುಚ್ಚಿಡೋಕೆ ಮಾತ್ರ ಹೋಗ್ಬೇಡಿ, ಆಮೇಲೆ ಗೊತ್ತಾದ್ರೆ ಉಳಿದ ಒಳ್ಳೇ ಪಾಯಿಂಟೂ ಹಾಳು. ನೀವೇ ಮುಂದಾಗಿ ವೀಸಾ ಕಾಪಿ ಕೊಡಿ, ಪಾಸ್‌ಪೋರ್ಟ್ ಕೋರ್ಟಲ್ಲಿ ಇಡ್ತೀವಿ, ವಾರಕ್ಕೊಂದು ಸಲ ಸ್ಟೇಷನ್‌ಗೆ ಬಂದು ಸೈನ್ ಮಾಡ್ತೀವಿ ಅಂತ ಹೇಳಿ. ಊರಲ್ಲಿ ಅಪ್ಪ ಅಮ್ಮ ಹೆಂಡತಿ ಇದ್ದಾರೆ ಅನ್ನೋದಕ್ಕೆ ರೇಷನ್ ಕಾರ್ಡ್, ಮಕ್ಕಳ ಸ್ಕೂಲ್ ಸರ್ಟಿಫಿಕೇಟ್, ಜಾಗ ಇದ್ರೆ ಆರ್‌ಟಿಸಿ ಹಾಕಿ. ಭಾರತಕ್ಕೂ ಯುಎಇಗೂ 1999ರಲ್ಲೇ ಆರೋಪಿಗಳ ಹಸ್ತಾಂತರ ಒಪ್ಪಂದ ಆಗಿದೆ, ಅಗಸ್ಟಾ ಹೆಲಿಕಾಪ್ಟರ್ ಖರೀದಿ ಲಂಚದ ಕೇಸಿನ ಆರೋಪಿ ಕ್ರಿಶ್ಚಿಯನ್ ಮಿಶೆಲ್‌ನ 2018ರ ಡಿಸೆಂಬರಲ್ಲಿ ದುಬೈನಿಂದ್ಲೇ ತಂದಿದ್ದು, ಅಲ್ಲಿಗೆ ಹೋದ್ರೆ ಕೈಗೆ ಸಿಗೋದೇ ಇಲ್ಲ ಅನ್ನೋ ಮಾತಿಗೆ ಇದೂ ಒಂದು ಉತ್ತರ. ಜಾಮೀನು ಸಿಕ್ಕ ಮೇಲೆ ಕೆಲಸಕ್ಕೆ ವಾಪಸ್ ಹೋಗೋಕೆ ಬೇರೆನೇ ಅರ್ಜಿ ಹಾಕ್ಬೇಕು. ಆರು ತಿಂಗಳಿಗಿಂತ ಜಾಸ್ತಿ ಹೊರಗಿದ್ರೆ ಅಲ್ಲಿನ ವೀಸಾ ಸಾಮಾನ್ಯವಾಗಿ ರದ್ದಾಗುತ್ತೆ, ಅದಕ್ಕೇ ತಡ ಮಾಡ್ಬೇಡಿ.

ಪ್ರಶ್ನೆ: ಮಲ್ಯ ಹೋದ, ನೀರವ್ ಮೋದಿ ಹೋದ. ಇಷ್ಟಾದ್ರೂ ಕೋರ್ಟ್‌ಗಳು ಜಾಮೀನು ಯಾಕೆ ಕೊಡ್ತಾವೆ?
- ಒಬ್ಬ ತೆರಿಗೆದಾರ, ದಾವಣಗೆರೆ

ಉತ್ತರ: ಸಿಟ್ಟು ಅರ್ಥ ಆಗುತ್ತೆ ಸರ್, ಆದ್ರೆ ಇಬ್ಬರೂ ಇಲ್ಲಿನ ಜಾಮೀನು ಮುರಿದು ಹೋದವರಲ್ಲ, ಅರೆಸ್ಟೇ ಆಗಿರ್ಲಿಲ್ಲ. 2016ರ ಮಾರ್ಚ್ 2ಕ್ಕೆ ಹೊರಟಾಗ ಮಲ್ಯ ಇನ್ನೂ ಕರ್ನಾಟಕದ ರಾಜ್ಯಸಭಾ ಸದಸ್ಯ, ಅವರ ಮೇಲಿದ್ದ ಲುಕ್‌ಔಟ್ ನೋಟಿಸ್‌ನ ಅದಕ್ಕೂ ಮೊದ್ಲೇ 'ತಡೆದು ನಿಲ್ಲಿಸಿ' ಅನ್ನೋದ್ರಿಂದ 'ಮಾಹಿತಿ ಕೊಡಿ ಸಾಕು' ಅಂತ ಸಡಿಲ ಮಾಡಿದ್ರು. ಅದು ಕೋರ್ಟ್ ತಪ್ಪಾ ಹೇಳಿ? ಮಜಾ ಅಂದ್ರೆ ಇಬ್ಬರನ್ನೂ ಭಾರತಕ್ಕೆ ಒಪ್ಪಿಸೋ ಕೇಸಲ್ಲಿ ಲಂಡನ್ನಿನ ಒಂದೇ ಕೋರ್ಟು 2017ರಲ್ಲಿ ಮಲ್ಯಗೆ ಆರೂವರೆ ಲಕ್ಷ ಪೌಂಡ್ ಬಾಂಡ್ ಮೇಲೆ ಜಾಮೀನು ಕೊಡ್ತು, 2019ರಲ್ಲಿ ನೀರವ್ ಮೋದಿ 20 ಲಕ್ಷ ಪೌಂಡ್ ಇಡ್ತೀನಿ ಅಂದ್ರೂ ಕೊಡ್ಲಿಲ್ಲ. ನೀರವ್‌ಗೆ ಲಂಡನ್ನಲ್ಲಿ ಬೇರು, ಅಂದ್ರೆ ಗಟ್ಟಿ ನಂಟು ಇಲ್ಲ, ಅದೂ ಅಲ್ದೆ ವನೌಟು ಅನ್ನೋ ಪುಟ್ಟ ದ್ವೀಪ ದೇಶದ ಪೌರತ್ವಕ್ಕೆ ಟ್ರೈ ಮಾಡಿದ್ದು ಜಡ್ಜ್ ಕಣ್ಣಿಗೆ ಬಿತ್ತು. ದುಡ್ಡಿಗಿಂತ ಅದೇ ಭಾರ ಆಯ್ತು.

ಪ್ರಶ್ನೆ: ನಮ್ಮ ಮಾವ ರಾಯಚೂರಿನವರು, ಬೆಂಗಳೂರಲ್ಲಿ ಗಾರೆ ಕೆಲಸ. ಕಳ್ಳತನದ ಕೇಸಲ್ಲಿ ಜಾಮೀನು ಆಗಿದೆ, ಆದ್ರೆ ಬೆಂಗಳೂರಿನವರೇ ಇಬ್ಬರು ಶೂರಿಟಿ ಬೇಕಂತೆ. ಊರಿನ ಪಹಣಿ ಆಗಲ್ವಾ? ಒಂದೂವರೆ ತಿಂಗಳಿಂದ ಪರಪ್ಪನ ಅಗ್ರಹಾರದಲ್ಲೇ ಇದ್ದಾರೆ.
- ಲಿಂಗಸುಗೂರು

ಉತ್ತರ: ಆಗ್ಬೇಕು. ಮೋತಿರಾಮ್ ಅಂತ ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವರಿಗೆ ಹೀಗೇ ಆಗಿತ್ತು, 10,000 ರೂಪಾಯಿ ಶೂರಿಟಿ ಕೇಳಿ, ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೇಲಿದೆ ಅಂತ ಅದನ್ನೂ ಬೇಡ ಅಂದಿದ್ರು. 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಚೆನ್ನಾಗೇ ಬೈದ್ರು. ಒಬ್ಬ ಕನ್ನಡಿಗನೋ ಮಲಯಾಳಿಯೋ ಬಸ್ತರಲ್ಲೋ ಪೋರ್ಟ್ ಬ್ಲೇರಲ್ಲೋ ಅರೆಸ್ಟ್ ಆದ್ರೆ ಅಲ್ಲಿನ ಶೂರಿಟಿ ಎಲ್ಲಿಂದ ತರ್ತಾನೆ ಅಂತ ಕೇಳಿ, 1,000 ರೂಪಾಯಿ ಸ್ವಂತ ಬಾಂಡ್ ಮೇಲೆ ಬಿಡಿಸಿದ್ರು. ಅಷ್ಟು ಹಳೇ ತೀರ್ಪಿದ್ರೂ ಕೂಲಿ ಮಾಡೋರ ವಿಳಾಸ ಬೇರೆ ಊರಿಂದು ಅಂದ ತಕ್ಷಣ 'ಓಡಿಹೋಗ್ತಾನೆ' ಅಂತಾರೆ, ಅಪಾರ್ಟ್‌ಮೆಂಟ್ ಇರೋರಿಗೆ 'ಸಮಾಜದಲ್ಲಿ ಬೇರು ಇದೆ' ಅಂತಾರೆ. ನನಗೆ ಇದು ಯಾವತ್ತೂ ಸರಿ ಅನ್ಸಿಲ್ಲ.

ಈಗ ನೀವು ಮಾಡ್ಬೇಕಾದ್ದು: 2023ರ ಜನವರಿ 31ರ ಸುಪ್ರೀಂ ಕೋರ್ಟ್ ನಿರ್ದೇಶನದ ಪ್ರಕಾರ ಜಾಮೀನು ಆಗಿ ಏಳು ದಿನದಲ್ಲಿ ಬಿಡುಗಡೆ ಆಗ್ದಿದ್ರೆ ಜೈಲು ಸೂಪರಿಂಟೆಂಡೆಂಟ್ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸ್ಬೇಕು, ಒಂದು ತಿಂಗಳಾದ್ರೂ ಶೂರಿಟಿ ಸಿಗದಿದ್ರೆ ಕೋರ್ಟೇ ಷರತ್ತು ಬದಲಾಯಿಸೋ ಬಗ್ಗೆ ಯೋಚಿಸ್ಬಹುದು. ಪ್ರಾಧಿಕಾರದ ಆಫೀಸ್ ಕೋರ್ಟ್ ಆವರಣದಲ್ಲೇ ಇರುತ್ತೆ, ವಕೀಲರು ಫ್ರೀ. ಷರತ್ತು ಸಡಿಲ ಮಾಡಿ ಅಂತ ಅರ್ಜಿ ಹಾಕ್ಸಿ, ಮೇಸ್ತ್ರಿ ಹತ್ರ ಕೆಲಸದ ಪತ್ರ, ಶೆಡ್ ಓನರ್ ಹತ್ರ ಒಂದು ಅಫಿಡವಿಟ್ ತಗೊಳ್ಳಿ. ಕೋರ್ಟ್ ಮುಂದೆ ದುಡ್ಡಿಗೆ ಶೂರಿಟಿ ನಿಲ್ತೀವಿ ಅಂತ ಬರೋರನ್ನ ನಂಬ್ಬೇಡಿ, ದಾಖಲೆ ಸುಳ್ಳಾದ್ರೆ ಜಾಮೀನೂ ಹೋಗಿ ಇನ್ನೊಂದು ಕೇಸ್ ಬೀಳುತ್ತೆ.

ಪ್ರಶ್ನೆ: ಜಾಮೀನು ಷರತ್ತಲ್ಲಿ ಮೊಬೈಲ್ ಲೊಕೇಶನ್ ಯಾವಾಗ್ಲೂ ಪೊಲೀಸರಿಗೆ ಕಾಣ್ಬೇಕು ಅಂತ ಹಾಕ್ಬಹುದಾ?
- ಹುಬ್ಬಳ್ಳಿ

ಉತ್ತರ: ಹಾಕೋ ಹಾಗಿಲ್ಲ. 2024ರ ಜುಲೈ 8ಕ್ಕೆ ಫ್ರಾಂಕ್ ವಿಟಸ್ ಕೇಸಲ್ಲಿ ಸುಪ್ರೀಂ ಕೋರ್ಟ್ ತಾನಿರೋ ಜಾಗ ತನಿಖಾಧಿಕಾರಿಗೆ ಕಾಣೋ ಹಾಗೆ ಗೂಗಲ್ ಮ್ಯಾಪ್ ಪಿನ್ ಹಾಕೋ ಷರತ್ತನ್ನ ತೆಗೆದು ಹಾಕಿದೆ, ಇಡೀ ದಿನ ಬೆನ್ನ ಹಿಂದೆ ಕಣ್ಣಿಡೋದು ಖಾಸಗಿತನಕ್ಕೆ ವಿರುದ್ಧ ಅಂತ. ಆ ಆರೋಪಿ ನೈಜೀರಿಯಾದವರು, ವಿದೇಶಿಯವರಿಗೇ ಆಗಲ್ಲ ಅಂದ್ಮೇಲೆ ನಿಮಗೆ ಹೇಗೆ ಆಗುತ್ತೆ. ಆ ಷರತ್ತು ತೆಗೀರಿ ಅಂತ ಅರ್ಜಿ ಹಾಕಿ, ಆದ್ರೆ ಆದೇಶ ಬರೋವರೆಗೂ ಲೊಕೇಶನ್ ಆಫ್ ಮಾಡ್ಬೇಡಿ, ಷರತ್ತು ಮುರಿದ್ರು ಅಂತ ಜಾಮೀನು ರದ್ದು ಮಾಡಿ ಅನ್ನೋಕೆ ಅವರಿಗೆ ನೀವೇ ದಾರಿ ಮಾಡಿಕೊಟ್ಟ ಹಾಗಾಗುತ್ತೆ.