ಬೆಟ್ಟಕ್ಕೆ ಮೆಟ್ಟಿಲೋ, ಬಸ್ಸೋ?

ಪ್ರಶ್ನೆ: ಭಾನುವಾರ ರೈಲಿನಲ್ಲಿ ಮೈಸೂರಿಗೆ ಬರುತ್ತಿದ್ದೇವೆ. ನಾನು, ಹೆಂಡತಿ, ಮಂಡಿ ನೋವಿರುವ ಅಮ್ಮ, ಹೈಸ್ಕೂಲು ಓದುವ ಮಗ. ಚಾಮುಂಡಿ ಬೆಟ್ಟವನ್ನು ಮೆಟ್ಟಿಲಲ್ಲೇ ಹತ್ತಬೇಕು ಅಂತ ಮಗನ ಹಟ. ಎಲ್ಲರೂ ಒಟ್ಟಿಗೆ ಹೋಗುವುದು ಹೇಗೆ?
– ಓದುಗರು, ದಾವಣಗೆರೆ

ಉತ್ತರ: ಒಟ್ಟಿಗೆ ಹೋಗಬೇಡಿ. ಮೇಲೆ ಹೋಗಿ ಸೇರಿ.

ಅಮ್ಮ ಮತ್ತು ನಿಮ್ಮ ಮನೆಯವರು ಬಸ್ಸಿಗೆ ಹೋಗಲಿ. ಸ್ಟೇಷನ್ನಿನ ಹೊರಗೆ ಆಟೋ ಹತ್ತಿ 'ಸಿಟಿ ಬಸ್ ಸ್ಟ್ಯಾಂಡ್' ಅಂತ ಬಿಡಿಸಿ ಹೇಳಿ. ಬರೀ 'ಬಸ್ ಸ್ಟ್ಯಾಂಡ್' ಅಂದರೆ ಸಬರ್ಬನ್ ನಿಲ್ದಾಣಕ್ಕೆ ಕರೆದುಕೊಂಡು ಹೋಗಿಬಿಡಬಹುದು. ಅದು ಹೊರ ಊರಿನ ಬಸ್ಸುಗಳದ್ದು. ನಿಮಗೆ ಬೇಕಾದ್ದು ಕೆ.ಆರ್. ಸರ್ಕಲ್ ಹತ್ತಿರ ಇರುವುದು. ಅಲ್ಲಿ 201 ನಂಬರಿನ ಬಸ್ ಬೆಟ್ಟಕ್ಕೆ ಹೋಗುತ್ತದೆ. ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯ ಫ್ರೀ ಟಿಕೆಟ್ ಉಂಟು, ಎ.ಸಿ. ಬಸ್ಸಿಗೆ ಇಲ್ಲ. ಆಧಾರ್ ಕಾರ್ಡು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಲಿ. ಮೇಲೆ ಇಳಿದ ಮೇಲೆ ದೇವಸ್ಥಾನದವರೆಗೆ ಸ್ವಲ್ಪ ನಡಿಗೆ ಇದೆ. ಮಹಿಷಾಸುರನ ವಿಗ್ರಹದ ಹತ್ತಿರ ಕಾಯಿರಿ ಅಂತ ಹೇಳಿಡಿ. ಕೈಯಲ್ಲಿ ಕತ್ತಿ, ಹಾವು ಹಿಡಿದು ನಿಂತಿರುವ ಅವನು ಯಾರ ಕಣ್ಣಿಗೂ ತಪ್ಪುವುದಿಲ್ಲ.

ನೀವು, ಮಗ ಇನ್ನೊಂದು ಆಟೋ ಹಿಡಿಯಿರಿ. ಇಲ್ಲೂ ಮಾತು ಬಿಡಿಸಿ ಆಡಬೇಕು. 'ಚಾಮುಂಡಿ ಬೆಟ್ಟ' ಅಂದರೆ ಆಟೋದವರು ಮೇಲಕ್ಕೆ ಹೋಗಿ ಬರುವ ಬಾಡಿಗೆ ಹೇಳುತ್ತಾರೆ. 'ಬೆಟ್ಟದ ಪಾದ' ಅನ್ನಿ. ಮೆಟ್ಟಿಲು ಶುರುವಾಗುವುದೇ ಅಲ್ಲಿಂದ. ಸಾವಿರದ ಎಂಟು ಮೆಟ್ಟಿಲು ಅನ್ನುತ್ತಾರೆ. ನಾನು ಮೂರು ಸಲ ಎಣಿಸಿ ಮೂರು ಲೆಕ್ಕ ಪಡೆದವಳು, ಹಾಗಾಗಿ ವಾದಕ್ಕೆ ಬರುವುದಿಲ್ಲ. ಶುರುವಿನಲ್ಲೇ ಏರು ಜಾಸ್ತಿ. ಮಗ ಓಡುತ್ತಾನೆ, ನೀವು ಓಡಬೇಡಿ. ಏಳುನೂರನೇ ಮೆಟ್ಟಿಲ ಹತ್ತಿರ ನಂದಿ ಸಿಗುತ್ತಾನೆ. ದೊಡ್ಡ ದೇವರಾಜ ಒಡೆಯರ ಕಾಲದವನು, 17ನೇ ಶತಮಾನದವನು, ಒಂದೇ ಕಲ್ಲು. ಅಲ್ಲಿ ಕೂತು ನೀರು ಕುಡಿಯಿರಿ. ಆಮೇಲಿನದು ಸಲೀಸು. ಕೈಯಲ್ಲಿ ಬಾಳೆಹಣ್ಣು, ಪ್ಲಾಸ್ಟಿಕ್ ಕವರ್ ಹಿಡಿದುಕೊಂಡರೆ ಕೋತಿಗಳು ಬಿಡುವುದಿಲ್ಲ.

ಈಗ ಚಪ್ಪಲಿ ವಿಷಯ. ಇದಕ್ಕೋಸ್ಕರವೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಒಂದು ಏಪ್ರಿಲ್‌ನಲ್ಲಿ ಹರಕೆ ಅಂತ ಬರಿಗಾಲಲ್ಲಿ ಹತ್ತಿದೆ. ಚಪ್ಪಲಿ ಬೆಟ್ಟದ ಪಾದದಲ್ಲೇ ಬಿಟ್ಟಿದ್ದೆ. ದರ್ಶನ ಮುಗಿಯುವಾಗ ಮಂಡಿ ನಡುಗುತ್ತಿತ್ತು. ಸುಮ್ನೆ ಯಾಕೆ ಕಷ್ಟ ಅಂತ ಬಸ್ ಹತ್ತಿ ಕಿಟಕಿ ಪಕ್ಕ ಕೂತೆ. ಬಸ್ಸಿನ ದಾರಿಯೇ ಬೇರೆ, ಪಾದದ ಕಡೆ ಬರುವುದಿಲ್ಲ ಅನ್ನುವುದು ಹುಟ್ಟಿನಿಂದ ಮೈಸೂರಲ್ಲಿರುವ ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಕಾದ ಟಾರು. ನೆರಳಿಂದ ನೆರಳಿಗೆ ಹಾರಿಕೊಂಡು ಚಿಕ್ಕ ಗಡಿಯಾರದ ಗೋಪುರದವರೆಗೆ ಹೋಗಿ ಒಂದು ಜೊತೆ ಹವಾಯಿ ಚಪ್ಪಲಿ ಕೊಂಡೆ. ಅಂಗಡಿಯವರು ಏನೂ ಕೇಳಲಿಲ್ಲ. ನನ್ನಂಥವರನ್ನು ಬೇಕಾದಷ್ಟು ನೋಡಿದ್ದರೇನೋ! ಬರಿಗಾಲಲ್ಲೇ ಹತ್ತುವುದಾದರೆ ಚಪ್ಪಲಿಯನ್ನು ಚೀಲದಲ್ಲಿ ಹಾಕಿಕೊಂಡೇ ಹತ್ತಿ.

ಇಳಿಯುವುದು ಎಲ್ಲರೂ ಬಸ್ಸಿನಲ್ಲೇ. ಹತ್ತುವಾಗ ಉಸಿರು ಹೋಗುತ್ತದೆ, ಇಳಿಯುವಾಗ ಮಂಡಿ ಹೋಗುತ್ತದೆ. ಭಾನುವಾರ ಸಂಜೆ ಏಳಕ್ಕೆ ಅರಮನೆಗೆ ದೀಪ ಹಾಕುತ್ತಾರೆ, ಸುಮಾರು 1 ಲಕ್ಷ ಬಲ್ಬು. ಬೆಟ್ಟದಿಂದ ನೋಡಿದರೆ ಕತ್ತಲಲ್ಲಿ ಯಾರೋ ಚಿನ್ನದ ಡಾಬು ಇಟ್ಟು ಮರೆತ ಹಾಗೆ ಕಾಣುತ್ತದೆ. ಅದನ್ನು ನೋಡಿಕೊಂಡು ಇಳಿಯುವ ಆಸೆ ಇದ್ದರೆ, ಹೋಗುವಾಗಲೇ ಕೊನೆಯ ಬಸ್ ಎಷ್ಟಕ್ಕೆ ಅಂತ ಕಂಡಕ್ಟರನ್ನು ಕೇಳಿಟ್ಟುಕೊಳ್ಳಲು ಅಮ್ಮನಿಗೆ ಹೇಳಿ. ಇಂಥ ವಿಷಯ ಅಮ್ಮಂದಿರು ಮರೆಯುವುದಿಲ್ಲ.

ಪ್ರಶ್ನೆ: ಆಷಾಢ ಶುಕ್ರವಾರ ಬೆಂಗಳೂರಿನಿಂದ ಕಾರಿನಲ್ಲಿ ಬಂದು ಸೀದಾ ಬೆಟ್ಟ ಹತ್ತಬಹುದಾ?
– ಓದುಗರು, ಬೆಂಗಳೂರು

ಉತ್ತರ: ಆಗುವುದಿಲ್ಲ. ಆಷಾಢ ಶುಕ್ರವಾರಗಳಲ್ಲಿ ಖಾಸಗಿ ವಾಹನಗಳನ್ನು ಮೇಲಕ್ಕೆ ಬಿಡದಿರುವುದು ವರ್ಷಗಳಿಂದ ಬಂದ ಪದ್ಧತಿ. ಅಮ್ಮನವರ ವರ್ಧಂತಿಗೂ ಹಾಗೆಯೇ. ಕಾರನ್ನು ಲಲಿತಮಹಲ್ ಪಕ್ಕದ ಹೆಲಿಪ್ಯಾಡ್ ಮೈದಾನದಲ್ಲಿ ನಿಲ್ಲಿಸಿ, ಅಲ್ಲಿಂದ ಬಸ್ಸಿನಲ್ಲಿ ಹೋಗಬೇಕು. ಅವತ್ತು ನಸುಕಿನಲ್ಲೇ ಮೆಟ್ಟಿಲು ಹತ್ತುವವರ ಸಾಲು ಇರುತ್ತದೆ. ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹೋಗುವ ಹೆಂಗಸರನ್ನು ನೋಡಬೇಕು, ಬಗ್ಗಿದ ಬೆನ್ನು ಎತ್ತುವುದೇ ಇಲ್ಲ. ಹರಕೆ ಇಲ್ಲ, ಸುಮ್ನೆ ದರ್ಶನ ಸಾಕು ಅನ್ನುವವರಾದರೆ ಬೇರೆ ತಿಂಗಳ ಒಂದು ಬುಧವಾರ ಬನ್ನಿ. ದೇವಿ ಅವತ್ತೂ ಅಲ್ಲೇ ಇರುತ್ತಾಳೆ.

ಪ್ರಶ್ನೆ: ರೋಪ್‌ವೇ ಆಗಿದೆಯಂತೆ, ಹೌದಾ?
– ಓದುಗರು, ಹಾಸನ

ಉತ್ತರ: ಇಲ್ಲ. ಮಾತು ಬರುತ್ತದೆ, ಊರಿನವರು ಬೇಡ ಅನ್ನುತ್ತಾರೆ, ಮಾತು ಹೋಗುತ್ತದೆ. ನಾನೂ ಬೇಡ ಅನ್ನುವವಳೇ.

ಪ್ರಶ್ನೆ: ಸ್ಕೂಟರಿನಲ್ಲಿ ಹೋಗಬೇಕು. ನಂದಿಯನ್ನೂ ನೋಡಬೇಕು. ದಾರಿ ಹೇಗಿದೆ?
– ಓದುಗರು, ಮಂಡ್ಯ

ಉತ್ತರ: ನಂದಿಗೆ ಬೆಟ್ಟದ ರಸ್ತೆಯಿಂದ ಕವಲು ಇದೆ. 2021ರ ಮಳೆಗೆ ಆ ಕವಲುದಾರಿ ಕುಸಿದಿತ್ತು, ಆದ್ದರಿಂದ ಮಳೆಗಾಲದಲ್ಲಿ ಕೆಳಗೇ ವಿಚಾರಿಸಿಕೊಂಡು ಹೊರಡಿ. ಗೇರ್ ಇಲ್ಲದ ಸ್ಕೂಟರಿನಲ್ಲಿ ಇಳಿಯುವಾಗ ಬ್ರೇಕ್ ಹಿಡಿದೇ ಇರಬೇಡಿ, ಕಾದು ಕೈಕೊಡುತ್ತದೆ. ಬಿಟ್ಟು ಬಿಟ್ಟು ಹಿಡಿಯಿರಿ. ಬೇಕಾದರೆ ನಂದಿ ಹತ್ತಿರ ಕಾಲು ಗಂಟೆ ನಿಲ್ಲಿಸಿ. ಬ್ರೇಕೂ ಆರುತ್ತದೆ, ಒಂದು ಚುರುಮುರಿಯೂ ಆಗುತ್ತದೆ.